ಹಣ ಹೊರಟುಹೋಗುವ ದಾರಿ

ಹಣವನ್ನು ಎಲ್ಲಿ ಹಾಕಬೇಕು ಎಂಬುದರ ಬಗ್ಗೆ ನಮ್ಮ ಮನೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಬ್ಯಾಂಕಿನಲ್ಲಿಟ್ಟರೆ ಬಡ್ಡಿ, ಶೇರಿಗೆ ಹಾಕಿದರೆ ಜೂಜಾಯಿತೇನೋ ಎಂಬ ಶಂಕೆ, ಚಿನ್ನ ಕೊಂಡರೆ ಕಳ್ಳರ ಭಯ, ಸೈಟು ಕೊಳ್ಳೋಣವೆಂದರೆ ಅಷ್ಟು ದುಡ್ಡಿಲ್ಲ. ಮೌಲ್ವಿ ಸಾಹೇಬರನ್ನು ಕೇಳುತ್ತೇವೆ, ಗಲ್ಫಿನಲ್ಲಿರುವ ಭಾವನನ್ನು ಫೋನು ಮಾಡಿ ಕೇಳುತ್ತೇವೆ, ರಾತ್ರಿ ಊಟದ ನಂತರ ಮತ್ತೆ ಅದೇ ಮಾತು. ಕೊನೆಗೊಂದು ತೀರ್ಮಾನವಾಗುತ್ತದೆ. ಆದರೆ ಆ ಹಣ ನಮ್ಮ ಮನೆಯಿಂದ ಯಾವ ದಾರಿಯಲ್ಲಿ ಹೊರಟು, ಯಾರ ಹೆಸರಿನ ಬಾಗಿಲು ಸೇರುತ್ತದೆ, ದಾರಿಯಲ್ಲಿ ಯಾವ ಗುರುತು ಬಿಟ್ಟು ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ಆ ಚರ್ಚೆಯಲ್ಲಿ ಬರುವುದೇ ಇಲ್ಲ. ಅದೇನಿದ್ದರೂ ಗುಮಾಸ್ತರ ಕೆಲಸ, ಒಂದು ಚಲನ್ ತುಂಬಿದರೆ ಮುಗಿಯಿತು ಎಂದು ನಾವು ಭಾವಿಸಿದ್ದೇವೆ.

ಆ ಚಲನ್ ತುಂಬುವ ಕೆಲಸ ನಮ್ಮ ಬೀದಿಯಲ್ಲಿ ಬಹಳ ವರ್ಷಗಳಿಂದ ನನ್ನದು. ಏಳನೇ ತರಗತಿಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಹೈಸ್ಕೂಲು. ಹೀಗಾಗಿ ನಮ್ಮ ಹೆಂಗಸರು ಉರ್ದುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುವುದು, ಕನ್ನಡದಲ್ಲಿ ಬಂದ ನೋಟೀಸನ್ನು ಉರ್ದುವಿನಲ್ಲಿ ವಿವರಿಸುವುದು ನನ್ನ ಪಾಲಿಗೆ ಬಂತು. ನಾನು ಬರೆದ ಕಥೆಗಳನ್ನು ಓದಿದವರು ನಮ್ಮ ಬೀದಿಯಲ್ಲಿ ನಾಲ್ಕೈದು ಜನ ಇರಬಹುದು. ನಾನು ತುಂಬಿದ ಫಾರಂಗಳು ಮಾತ್ರ ಮನೆಮನೆಯ ಟ್ರಂಕಿನಲ್ಲಿವೆ.

ಎರಡೂ ಭಾಷೆಯಲ್ಲಿ ಕಲಿತವರಿಗೆ ಬ್ಯಾಂಕಿನ ಕಾಗದ ಓದುವಾಗ ಒಂದು ಸೋಜಿಗ ಕಾಣುತ್ತದೆ. ಜಮಾ, ರಸೀದಿ, ಬಾಕಿ, ವಸೂಲಿ, ದಾಖಲೆ - ಇವೆಲ್ಲ ಅರಬ್ಬಿ, ಪಾರಸಿಗಳಿಂದ ಬಂದು ಕನ್ನಡದ ಮನೆಮಗಳಾದ ಮಾತುಗಳು. ಅಮಾನತ್ ಎಂದರೆ ಉರ್ದುವಿನಲ್ಲಿ ನಂಬಿಕೆಯಿಂದ ಒಬ್ಬರ ಬಳಿ ಇಟ್ಟ ವಸ್ತು. ಅದನ್ನು ಕೇಳಿದ ದಿನ ಹಿಂತಿರುಗಿಸಬೇಕು. ಕನ್ನಡ ಪತ್ರಿಕೆಯಲ್ಲಿ ಅಮಾನತು ಎಂದರೆ ಯಾರನ್ನೋ ನೌಕರಿಯಿಂದ ಬದಿಗೆ ಕೂರಿಸಿದರು ಎಂದು ಅರ್ಥ. ನಮ್ಮ ಜನ ಕಳೆದ ಕೆಲವು ವರ್ಷಗಳಲ್ಲಿ ಮೊದಲ ಅರ್ಥದಲ್ಲಿ ಇಟ್ಟ ಹಣ ಎರಡನೆಯ ಅರ್ಥದಲ್ಲಿ ಸಿಕ್ಕಿಹಾಕಿಕೊಂಡದ್ದನ್ನು ನೋಡಿದಾಗ ನಗು ಬರುವುದಿಲ್ಲ.

ಹಣವನ್ನು ದೂರಕ್ಕೆ ಕಳಿಸುವ ವಿದ್ಯೆ ನಮಗೆ ಹೊಸದಲ್ಲ. ಅಬ್ಬಾಸಿ ಖಲೀಫರ ಕಾಲದ ವ್ಯಾಪಾರಿಗಳು ನಾಣ್ಯದ ಚೀಲ ಹೊತ್ತು ಮರುಭೂಮಿ ದಾಟುವ ಬದಲು ಸುಫ್ತಜಾ ಎಂಬ ಪತ್ರವನ್ನು ಒಯ್ಯುತ್ತಿದ್ದರು. ಒಂದು ಊರಿನಲ್ಲಿ ಹಣ ಕಟ್ಟಿದರೆ ಇನ್ನೊಂದು ಊರಿನಲ್ಲಿ ಆ ಪತ್ರ ತೋರಿಸಿ ಪಡೆಯಬಹುದಿತ್ತು. ಸಕ್ಕ್ ಎಂಬ ಇನ್ನೊಂದು ಬರಹವಿತ್ತು. ಇಂದಿನ ಚೆಕ್ ಎಂಬ ಶಬ್ದದ ಬೇರು ಅಲ್ಲಿದೆ ಎನ್ನುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. 10ನೇ ಶತಮಾನದ ಪ್ರವಾಸಿ ಇಬ್ನ್ ಹೌಖಲ್ ಸಹಾರಾದ ದಕ್ಷಿಣ ಅಂಚಿನ ಔದಗುಸ್ತ್‌ನಲ್ಲಿ 42,000 ದೀನಾರಿನ ಒಂದು ಸಕ್ಕ್ ಕಂಡುದನ್ನು ಬರೆದಿಟ್ಟಿದ್ದಾನೆ. ಸಾಲಗಾರ ಒಂದು ಊರಿನವನು, ಸಾಲ ಕೊಟ್ಟವನು ಮರುಭೂಮಿಯ ಆಚೆಯ ಸಿಜಿಲ್‌ಮಾಸಾದವನು. ನಡುವೆ ಇದ್ದದ್ದು ಬರಹ ಮತ್ತು ಸಾಕ್ಷಿ. ಹವಾಲಾ ಎಂಬ ಮಾತೂ ಮೂಲದಲ್ಲಿ ಸಾಲದ ಹೊಣೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವ ಶಾಸ್ತ್ರಬದ್ಧ ಕ್ರಮವೇ. ಇಂದು ನಮ್ಮ ದೇಶದಲ್ಲಿ ಅದು ಕಾನೂನಿನ ಕಣ್ಣು ತಪ್ಪಿಸಿ ಹಣ ಸಾಗಿಸುವುದರ ಹೆಸರಾಗಿದೆ, ಮತ್ತು ಅಪರಾಧವಾಗಿದೆ.

ಕುರ್‌ಆನಿನ ಅತಿ ದೀರ್ಘ ಆಯತ್ ಯಾವುದೆಂದು ಮಕ್ಕಳನ್ನು ಕೇಳಿ ನೋಡಿ. ಮದ್ರಸಾದಲ್ಲಿ ಕಲಿತವರು ಥಟ್ಟನೆ ಹೇಳುತ್ತಾರೆ: ಅಲ್‌ಬಕರ ಸೂರಾದ 282ನೆಯದು. ಅದರ ವಿಷಯ ಸ್ವರ್ಗವೂ ಅಲ್ಲ, ನರಕವೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬರೆಯಲು ಬೇಸರಿಸಬಾರದು ಎಂಬುದು ಅದರ ಸಾರ. ಬಡ್ಡಿ ಹರಾಮ್ ಎಂಬ ಪಾಠವನ್ನು ನಾವು ಬಾಯಿಪಾಠ ಮಾಡಿದ್ದೇವೆ. ಅದೇ ಸೂರಾದಲ್ಲಿ, ಬಡ್ಡಿಯ ಆಯತ್‌ಗಳ ಬೆನ್ನಿಗೇ ಬರುವ ಈ ಪಾಠವನ್ನು ಮಾತ್ರ ಅರ್ಜಿ ಬರೆಯುವವರಿಗೆ ಬಿಟ್ಟುಕೊಟ್ಟಿದ್ದೇವೆ. ಬಡ್ಡಿ ಬೇಡವೆಂದು ಬ್ಯಾಂಕಿನಿಂದ ದೂರ ಸರಿದವರು, ಬ್ಯಾಂಕು ಕೊಡುತ್ತಿದ್ದ ಸಾಕ್ಷಿಯನ್ನೂ ಬಿಟ್ಟುಬಂದರು. ಹಣವನ್ನು ಬ್ಯಾಂಕಿನಲ್ಲಿ ಇಡುವುದು ಬೇರೆ, ಬ್ಯಾಂಕಿನ ದಾರಿಯಲ್ಲಿ ಕಳಿಸುವುದು ಬೇರೆ. ಬಡ್ಡಿಯೇ ಬೇಡವೆನ್ನುವವರಿಗೆ ಬಡ್ಡಿ ಕೊಡದ ಕರೆಂಟ್ ಖಾತೆಯೂ ಇದೆ.

ಒಂದೊಂದೇ ದಾರಿಯನ್ನು ನೋಡೋಣ.

ಮೊದಲು ಚೆಕ್. ಇದು ಹಳೆಯದು, ನಿಧಾನದ್ದು, ಆದರೆ ಇದರಲ್ಲಿ ಹೆಸರು ಬರೆಯಲೇಬೇಕು. ಹೂಡಿಕೆಗೆ ಕೊಡುವ ಚೆಕ್ಕನ್ನು ಸಂಸ್ಥೆಯ ಪೂರ್ತಿ ಹೆಸರಿಗೆ ಬರೆಯಬೇಕೇ ಹೊರತು ಅದರ ಏಜೆಂಟನ ಹೆಸರಿಗಲ್ಲ. ಮೂಲೆಯಲ್ಲಿ ಎರಡು ಗೆರೆ ಎಳೆದು ಅಕೌಂಟ್ ಪೇಯೀ ಎಂದು ಬರೆದರೆ ಅದು ಆ ಹೆಸರಿನ ಖಾತೆಗಷ್ಟೇ ಹೋಗುತ್ತದೆ. ಹೆಸರಿನ ಮುಂದೆ ಖಾಲಿ ಉಳಿದ ಜಾಗಕ್ಕೂ ಗೆರೆ ಎಳೆಯಬೇಕು. ಅನುಮಾನ ಬಂದರೆ, ಹಣ ಹೋಗುವ ಮುಂಚೆ, ಪಾವತಿ ನಿಲ್ಲಿಸಿ ಎಂದು ಬ್ಯಾಂಕಿಗೆ ಬರೆದುಕೊಡಬಹುದು. ಮೊದಲಾದರೆ ಅದಕ್ಕೆ ಒಂದೆರಡು ದಿನ ಸಿಗುತ್ತಿತ್ತು. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ದಿನವಿಡೀ ಕ್ಲಿಯರಿಂಗ್‌ಗೆ ಹೋಗುವ ಪದ್ಧತಿ ಬಂದಿರುವುದರಿಂದ ಆ ಅವಕಾಶ ಕೆಲವು ಗಂಟೆಗಳಿಗೆ ಇಳಿದಿದೆ. ಒಳ್ಳೆಯ ಬದಲಾವಣೆಯೇ, ಆದರೆ ಯೋಚನೆಯನ್ನು ಚೆಕ್ ಕೊಡುವ ಮೊದಲೇ ಮುಗಿಸಬೇಕು.

ಚೆಕ್ಕಿಗೆ ಇನ್ನೊಂದು ಮುಖವಿದೆ. ಹಣ ಪಡೆದ ಸಂಸ್ಥೆಗಳು ನಂಬಿಕೆಗೆಂದು ನಮಗೇ ಮುಂದಿನ ತಾರೀಖಿನ ಚೆಕ್ ಕೊಡುವುದುಂಟು. ನಮ್ಮ ಬೀದಿಯ ಖಾಲಾ ಒಬ್ಬರಿಗೆ ಹಾಗೊಂದು ಚೆಕ್ ಸಿಕ್ಕಿತ್ತು. ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡಾಗ ಬಂದ ಪರಿಹಾರದಲ್ಲಿ 3 ಲಕ್ಷ ರೂಪಾಯಿಯನ್ನು ಅವರು ಲಾಭದಲ್ಲಿ ಪಾಲು ಕೊಡುತ್ತೇವೆಂದ ಒಂದು ಸಂಸ್ಥೆಗೆ ಕೊಟ್ಟಿದ್ದರು. ಕೆಲವು ತಿಂಗಳು ಪಾಲು ಬಂತು, ನಿಂತಿತು. ಚೆಕ್ಕಿನ ತಾರೀಖು ಬಂದಾಗ ಆ ಕಡೆಯ ಮನುಷ್ಯ ಫೋನಿನಲ್ಲಿ ಬಹಳ ಮರ್ಯಾದೆಯಿಂದ, "ಖಾಲಾ, ಈಗ ಹಾಕಬೇಡಿ, ವಾಪಸು ಬಂದುಬಿಡುತ್ತದೆ. ಮುಂದಿನ ತಿಂಗಳು ಹಾಕಿ, ನಾನಿದ್ದೇನಲ್ಲ" ಎಂದ. ಮುಂದಿನ ತಿಂಗಳೂ ಅದನ್ನೇ ಹೇಳಿದ. ಖಾಲಾ ಆ ಚೆಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಮೇಲೆ ಗಂಡನ ಹಳೆಯ ಶಾಲು ಮುಚ್ಚಿ ಟ್ರಂಕಿನಲ್ಲಿ ಜೋಪಾನ ಮಾಡಿದ್ದರು. ನನ್ನ ಬಳಿ ತಂದಾಗ ತಾರೀಖು ದಾಟಿ ನಾಲ್ಕು ತಿಂಗಳು ಮೇಲಾಗಿತ್ತು.

"ಒಂದು ಗೀರೂ ಬಿದ್ದಿಲ್ಲ ನೋಡು ಬೇಟಿ, ಹೇಗೆ ಕೊಟ್ಟಿದ್ದರೋ ಹಾಗೇ ಇದೆ" ಎಂದರು.

2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯುಷ್ಯ ಮೂರು ತಿಂಗಳು. ಅದಕ್ಕೆ ಮುಂಚೆ ಆರು ತಿಂಗಳಿತ್ತು. ಆ ಅವಧಿಯೊಳಗೆ ಬ್ಯಾಂಕಿಗೆ ಹಾಕಿ, ಹಣವಿಲ್ಲವೆಂದು ವಾಪಸು ಬಂದಿದ್ದರೆ, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು ಖಾಲಾ ಅವರ ಕೈಗೆ ಬರುತ್ತಿತ್ತು. ವಾಪಸಾದ ಸುದ್ದಿ ತಿಳಿದ 30 ದಿನದೊಳಗೆ ನೋಟೀಸು ಕೊಡಬೇಕು, ಅದು ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ಮ್ಯಾಜಿಸ್ಟ್ರೇಟರ ಬಳಿ ದೂರು ಕೊಡಬೇಕು. ತಪ್ಪು ರುಜುವಾತಾದರೆ ಎರಡು ವರ್ಷದವರೆಗೆ ಸೆರೆವಾಸ, ಚೆಕ್ಕಿನ ಎರಡರಷ್ಟು ಮೊತ್ತದವರೆಗೆ ದಂಡ, ಅಥವಾ ಎರಡೂ. ಬೌನ್ಸ್ ಆಗುತ್ತದೆ, ಹಾಕಬೇಡಿ ಎಂದು ಆ ಮನುಷ್ಯ ಬೇಡಿಕೊಂಡದ್ದರ ಗುಟ್ಟು ಇಷ್ಟೇ. ಬೌನ್ಸ್ ಆಗುವುದು ಖಾಲಾಗೆ ನಷ್ಟವಾಗಿರಲಿಲ್ಲ, ಅದೇ ಅವರ ಆಯುಧವಾಗಿತ್ತು. ಈಗಲೂ ಕೊಡಬೇಕಾದ ಹಣ ಕೊಡಬೇಕಾದ ಹಣವೇ, ಸಿವಿಲ್ ಕೋರ್ಟಿಗೆ ಹೋಗಬಹುದು, ಆ ಚೆಕ್ ಅಲ್ಲಿ ಒಂದು ಪುರಾವೆಯೂ ಆದೀತು. ಆದರೆ ಅದರ ಹಲ್ಲು ಉದುರಿಹೋಗಿತ್ತು. ಇದನ್ನು ಉರ್ದುವಿನಲ್ಲಿ ಖಾಲಾಗೆ ವಿವರಿಸಿ ಹೇಳುವುದು ನಾನು ಈವರೆಗೆ ಮಾಡಿದ ಭಾಷಾಂತರಗಳಲ್ಲೆಲ್ಲ ಕಠಿಣವಾದದ್ದು.

ಎರಡನೆಯ ದಾರಿ ಬ್ಯಾಂಕಿನಿಂದ ಬ್ಯಾಂಕಿಗೆ ವರ್ಗಾವಣೆ. ಆರ್‌ಟಿಜಿಎಸ್ 2004ರಲ್ಲಿ, ನೆಫ್ಟ್ 2005ರಲ್ಲಿ, ಯುಪಿಐ 2016ರಲ್ಲಿ ಬಂದವು. ಆರ್‌ಟಿಜಿಎಸ್‌ಗೆ ಕನಿಷ್ಠ 2 ಲಕ್ಷ ರೂಪಾಯಿ ಬೇಕು. ನೆಫ್ಟ್ ಅರ್ಧ ಗಂಟೆಗೊಮ್ಮೆ ಕಟ್ಟುಕಟ್ಟಾಗಿ ಹಣ ಸಾಗಿಸುತ್ತದೆ. 2019ರ ಡಿಸೆಂಬರ್‌ನಿಂದ ನೆಫ್ಟ್, 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ರಾತ್ರಿ, ರಜೆ ಎನ್ನದೆ ನಡೆಯುತ್ತವೆ. ಪ್ರತಿ ವರ್ಗಾವಣೆಗೂ ಯುಟಿಆರ್ ಎಂಬ ಒಂದು ಸಂಖ್ಯೆ ಹುಟ್ಟುತ್ತದೆ. ಆ ಸಂಖ್ಯೆ ಹಿಡಿದು ಬ್ಯಾಂಕಿನವರು ಹಣ ಯಾವ ಖಾತೆಗೆ ಹೋಯಿತೆಂದು ಪತ್ತೆ ಮಾಡಬಲ್ಲರು. ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಫೋನು ಕಳೆಯುತ್ತದೆ, ಮೆಸೇಜು ಅಳಿಸಿಹೋಗುತ್ತದೆ, ಪುಸ್ತಕ ಉಳಿಯುತ್ತದೆ.

ಈ ದಾರಿಯಲ್ಲಿ ಬಹಳ ವರ್ಷ ಒಂದು ಕೊರತೆಯಿತ್ತು. ಹೆಸರು ಏನೇ ಬರೆದರೂ ಹಣ ಹೋಗುತ್ತಿದ್ದುದು ಖಾತೆ ಸಂಖ್ಯೆ ನೋಡಿ. ದೊಡ್ಡ ಸಂಸ್ಥೆಯ ಹೆಸರು ಹೇಳಿ ಯಾವನೋ ಒಬ್ಬನ ಖಾತೆ ಸಂಖ್ಯೆ ಕೊಟ್ಟರೆ ತಡೆಯುವವರಿರಲಿಲ್ಲ. ಕಳಿಸುವ ಮೊದಲೇ ಖಾತೆದಾರನ ನಿಜವಾದ ಹೆಸರನ್ನು ತೋರಿಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 1ರ ಗಡುವು ಹಾಕಿ ಬ್ಯಾಂಕುಗಳಿಗೆ ಹೇಳಿತು. ಸೆಬಿ ಕೂಡ 2025ರ ಅಕ್ಟೋಬರ್‌ನಲ್ಲಿ, ತನ್ನಲ್ಲಿ ನೋಂದಾಯಿಸಿದ ಬ್ರೋಕರುಗಳಿಗೂ ಮ್ಯೂಚುವಲ್ ಫಂಡುಗಳಿಗೂ ವ್ಯಾಲಿಡ್ ಎಂಬ ಗುರುತಿರುವ ಪ್ರತ್ಯೇಕ ಯುಪಿಐ ವಿಳಾಸಗಳನ್ನು ತಂದಿತು. ಕೊಟ್ಟ ಖಾತೆ ಅಸಲಿಯೇ ಎಂದು ನೋಡಲು ಸೆಬಿ ಚೆಕ್ ಎಂಬ ವ್ಯವಸ್ಥೆಯೂ ಇದೆ. ಹೊಸ ಶೇರಿಗೆ ಅರ್ಜಿ ಹಾಕುವವರಿಗೆ 2008ರಿಂದ ಇನ್ನೂ ಚೆಂದದ ಏರ್ಪಾಡಿದೆ. ಹಣ ನಮ್ಮ ಖಾತೆಯಲ್ಲೇ ತಡೆದಿಟ್ಟಿರುತ್ತದೆ, ಶೇರು ಸಿಕ್ಕಿದರಷ್ಟೇ ಹೊರಗೆ ಹೋಗುತ್ತದೆ. ನಂಬಿಕೆಯ ಭಾರವನ್ನು ಮನುಷ್ಯನ ಮೇಲೆ ಹಾಕದೆ ಕ್ರಮದ ಮೇಲೆ ಹಾಕುವುದು ಎಂದರೆ ಇದೇ.

ಇಲ್ಲೊಂದು ಮಾತನ್ನು ವಿಶೇಷವಾಗಿ ಹೆಂಗಸರಿಗೆ ಹೇಳಬೇಕು. ನಮ್ಮಲ್ಲಿ ಅಕ್ಕತಂಗಿಯರ ಹಣ ಅಣ್ಣತಮ್ಮಂದಿರ ಖಾತೆಯಿಂದ ಹೋಗುತ್ತದೆ. ಮೆಹರ್ ಹಣ, ಒಡವೆ ಮಾರಿದ ಹಣ, ಬೀಡಿ ಸುತ್ತಿ ಕೂಡಿಟ್ಟ ಹಣ. "ನಿನಗ್ಯಾಕೆ ಬ್ಯಾಂಕಿನ ತಾಪತ್ರಯ ಆಪಾ, ನಾನು ಹಾಕುತ್ತೇನೆ" ಎಂದು ತಮ್ಮ ಪ್ರೀತಿಯಿಂದಲೇ ಹೇಳುತ್ತಾನೆ. ಆದರೆ ಕಾಗದಕ್ಕೆ ಪ್ರೀತಿ ಗೊತ್ತಾಗುವುದಿಲ್ಲ. ಹಣ ಅವನ ಖಾತೆಯಿಂದ ಹೋಗಿ, ರಸೀದಿಯೂ ಅವನ ಹೆಸರಿಗೇ ಬಂದರೆ ದಾಖಲೆಯಲ್ಲಿ ಹೂಡಿಕೆದಾರ ಅವನೇ. ನಾಳೆ ಅವನು ಇಲ್ಲವಾದರೆ ಅದು ಅವನ ಹೆಂಡತಿ ಮಕ್ಕಳ ವಾರಸಿಗೆ ಸೇರುತ್ತದೆ. ಅಕ್ಕ ಬಾಯಿಮಾತಿನ ಸಾಕ್ಷಿಗಾಗಿ ಮನೆಮನೆ ಅಲೆಯಬೇಕಾಗುತ್ತದೆ. ಮೆಹರ್ ಹೆಣ್ಣಿನ ಸ್ವಂತ ಸೊತ್ತು ಎಂದು ನಿಕಾಹ್‌ನ ದಿನ ಎಲ್ಲರೆದುರು ಬರೆಯುತ್ತೇವೆ. ಅದು ಅವಳ ಹೆಸರಿನ ಖಾತೆಯಿಂದಲೇ ಹೊರಟರೆ ಮಾತ್ರ ಆ ಬರಹಕ್ಕೆ ಮುಂದೆಯೂ ಬೆಲೆ.

ಮೂರನೆಯ ದಾರಿ ಕ್ರಿಪ್ಟೋ ನಾಣ್ಯದ್ದು. ಬಿಟ್‌ಕಾಯಿನ್ 2009ರಲ್ಲಿ ಹುಟ್ಟಿತು. ಇಲ್ಲಿ ಬ್ಯಾಂಕಿಲ್ಲ, ಹೆಸರಿಲ್ಲ. ಅಕ್ಷರ, ಅಂಕಿಗಳು ಬೆರೆತ ಉದ್ದನೆಯ ಒಂದು ವಿಳಾಸಕ್ಕೆ ಹಣ ಹೋಗುತ್ತದೆ. ವ್ಯವಹಾರವೆಲ್ಲ ಲೋಕಕ್ಕೆ ಕಾಣುವಂತೆ ದಾಖಲಾಗುತ್ತದೆ, ಆದರೆ ಆ ವಿಳಾಸ ಯಾರದೆಂದು ಮಾತ್ರ ಕಾಣುವುದಿಲ್ಲ. ಒಮ್ಮೆ ಹೋದದ್ದನ್ನು ತಡೆಯುವ, ಹಿಂದಕ್ಕೆ ಕರೆಯುವ ಕೌಂಟರ್ ಎಲ್ಲೂ ಇಲ್ಲ. ತಪ್ಪು ವಿಳಾಸಕ್ಕೆ ಹೋದರೂ ಅಷ್ಟೆ.

ಇದರ ಧರ್ಮಸಮ್ಮತಿಯ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಈಜಿಪ್ಟಿನ ಮುಖ್ಯ ಮುಫ್ತಿಯಾಗಿದ್ದ ಶೌಕಿ ಅಲ್ಲಾಮ್ 2018ರ ಜನವರಿಯಲ್ಲಿ ಬಿಟ್‌ಕಾಯಿನ್ ವ್ಯವಹಾರ ನಿಷಿದ್ಧವೆಂದರು. ಮಲೇಶಿಯಾದ ಸೆಕ್ಯೂರಿಟೀಸ್ ಕಮಿಷನ್ನಿನ ಶರಿಯಾ ಸಲಹಾ ಮಂಡಳಿ 2020ರಲ್ಲಿ ಷರತ್ತುಗಳೊಂದಿಗೆ ಒಪ್ಪಿತು. ನಮ್ಮ ದೇಶದಲ್ಲಿ ಇದು ನಿಷಿದ್ಧವಲ್ಲ. ಬ್ಯಾಂಕುಗಳನ್ನು ಇದರಿಂದ ದೂರವಿಟ್ಟ 2018ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. 2022ರಿಂದ ಲಾಭದ ಮೇಲೆ ಶೇ. 30 ತೆರಿಗೆ, ಮಾರಾಟದ ಮೇಲೆ ಶೇ. 1 ಮೂಲದಲ್ಲೇ ಕಡಿತ ಇದೆ. 2023ರಿಂದ ನಾಣ್ಯ ವಿನಿಮಯ ಸಂಸ್ಥೆಗಳು ಹಣ ಅಕ್ರಮ ವರ್ಗಾವಣೆ ತಡೆ ಕಾನೂನಿನಡಿ ಬರುತ್ತವೆ, ಗ್ರಾಹಕನ ಗುರುತು ಪಡೆಯಲೇಬೇಕು. ಆದ್ದರಿಂದ ನಾಣ್ಯವೇ ಮೋಸವೆಂದು ನಾನು ಹೇಳಲಾರೆ. ಆದರೆ ನಮ್ಮ ಸಣ್ಣ ಊರುಗಳಲ್ಲಿ ಹೂಡಿಕೆಯನ್ನು ನಾಣ್ಯದಲ್ಲೇ ಕಳಿಸಿ ಎಂದು ಕೇಳುವವರು ಯಾಕೆ ಹಾಗೆ ಕೇಳುತ್ತಾರೆ ಎಂಬುದನ್ನು ಯೋಚಿಸಬೇಕು.

ಪಕ್ಕದ ಬೀದಿಯ ಹುಡುಗನೊಬ್ಬ ದಮ್ಮಾಮಿನಲ್ಲಿ ಎಸಿ ರಿಪೇರಿ ಮಾಡಿ ಊರಿಗೆ ಬಂದಿದ್ದ. ಫೋನಿನ ಯಾವುದೋ ಗುಂಪಿನಲ್ಲಿ ಹಲಾಲ್ ಟ್ರೇಡಿಂಗ್ ಎಂಬ ಮಾತು ಕೇಳಿದ. ಅವರು ಹೇಳಿದಂತೆ ಅಪರಿಚಿತನೊಬ್ಬನಿಗೆ ಯುಪಿಐನಲ್ಲಿ ರೂಪಾಯಿ ಕೊಟ್ಟು ಡಾಲರ್ ಬೆಲೆಯ ನಾಣ್ಯ ಕೊಂಡ, ಅವರು ಕೊಟ್ಟ ವಿಳಾಸಕ್ಕೆ ಕಳಿಸಿದ. ಪರದೆಯ ಮೇಲೆ ಲಾಭ ಏರುತ್ತಲೇ ಇತ್ತು. ತೆಗೆಯಲು ಹೋದಾಗ ಮೊದಲು ತೆರಿಗೆ ಕಟ್ಟಿ ಎಂದರು. ಆಗ ನನ್ನ ಬಳಿ ಬಂದ. "ಆಪಾ, ದೂರು ಬರೆದುಕೊಡಿ" ಎಂದ. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನು ಮಾಡಿದೆವು, ದೂರು ದಾಖಲಾಯಿತು. ಬರೆಯುತ್ತ ಹೋದಂತೆ ನನಗೆ ವಿಷಯ ಸ್ಪಷ್ಟವಾಯಿತು. ರೂಪಾಯಿ ಹೋದ ದಾರಿಯಲ್ಲಿ ಹೆಸರಿತ್ತು, ಬ್ಯಾಂಕಿತ್ತು, ಸಂಖ್ಯೆಯಿತ್ತು. ಆದರೆ ಆ ಹೆಸರಿನವನು ನಾಣ್ಯ ಮಾರಿದ್ದ, ಅದನ್ನು ಕೊಟ್ಟೂ ಇದ್ದ. ಮೋಸ ಮಾಡಿದವರ ಕಡೆಗೆ ಹೋದ ದಾರಿಯಲ್ಲಿ ಮಾತ್ರ ಯಾರ ಹೆಸರೂ ಇರಲಿಲ್ಲ. ಆರೋಪಿಯ ಹೆಸರು, ತಂದೆಯ ಹೆಸರು, ವಿಳಾಸ ಎಂಬ ಮೂರು ಸಾಲುಗಳನ್ನು ಖಾಲಿ ಬಿಡಬೇಕಾಯಿತು.

ಹಾಗಾದರೆ ಚೆಕ್, ಬ್ಯಾಂಕು ಇದ್ದರೆ ಹಣ ಭದ್ರವೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಐಎಂಎ ಪ್ರಕರಣ ನಮ್ಮೆದುರಿಗಿದೆ. 2006ರಲ್ಲಿ ಶುರುವಾದ ಆ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿಯಿತು. ಸ್ಥಾಪಕ ಮನ್ಸೂರ್ ಖಾನ್ ದುಬೈಗೆ ಹೋಗಿ, ಜುಲೈ 19ರಂದು ದೆಹಲಿಗೆ ಮರಳಿದಾಗ ಬಂಧಿತರಾದರು. ಶಿವಾಜಿನಗರದಲ್ಲಿ ಸಾವಿರಾರು ಜನ ದೂರು ಕೊಡಲು ಸಾಲು ನಿಂತರು. ಪೊಲೀಸರು ಸಭಾಂಗಣವೊಂದರಲ್ಲಿ ಕೌಂಟರುಗಳನ್ನೇ ತೆರೆಯಬೇಕಾಯಿತು. ಅವರಲ್ಲಿ ಎಷ್ಟೋ ಜನ ಬ್ಯಾಂಕಿನ ಮೂಲಕವೇ ಹಣ ಕೊಟ್ಟಿದ್ದರು. ಅವರ ಕೈಯಲ್ಲಿದ್ದ ಕಾಗದದಲ್ಲಿ ಅವರು ಠೇವಣಿದಾರರಲ್ಲ, ಪಾಲುದಾರರು ಎಂದಿತ್ತು. ಪಾಲುದಾರನಿಗೆ ಲಾಭದಂತೆ ನಷ್ಟವೂ ಪಾಲು ಎಂಬುದನ್ನು ಸಹಿ ಮಾಡುವಾಗ ಎಷ್ಟು ಜನಕ್ಕೆ ಯಾರು ಓದಿ ಹೇಳಿದ್ದರು?

ಎಂದರೆ, ಗುರುತಿರುವ ದಾರಿ ಮೋಸವನ್ನು ತಡೆಯುವುದಿಲ್ಲ. ಆದರೆ ಮೋಸವಾದ ಮೇಲೆ, ಇದು ನನ್ನದಾಗಿತ್ತು ಎಂದು ಹೇಳುವ ಹಕ್ಕನ್ನು ಅದು ಉಳಿಸುತ್ತದೆ. ಠೇವಣಿದಾರರ ಹಿತರಕ್ಷಣೆಗೆ ಕರ್ನಾಟಕದಲ್ಲಿ 2004ರ ಕಾಯ್ದೆಯಿದೆ, ದೇಶಕ್ಕೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯಿದೆ. ಇವುಗಳಡಿ ಸರ್ಕಾರ ನೇಮಿಸುವ ಸಕ್ಷಮ ಪ್ರಾಧಿಕಾರ ಆಸ್ತಿ ಜಪ್ತಿ ಮಾಡಿ ಹಣ ಹಂಚುವಾಗ ಮೊದಲು ಕೇಳುವುದೇ ಎಷ್ಟು, ಯಾವಾಗ, ಹೇಗೆ ಕೊಟ್ಟಿರಿ ಎಂದು. ಅಲ್ಲಿ ಬ್ಯಾಂಕಿನ ಪಾಸ್‌ಬುಕ್ ಇದ್ದವರು ಬೆರಳಿಟ್ಟು ತೋರಿಸಬಲ್ಲರು. ನಗದು ಕೊಟ್ಟು ಬಿಳಿ ಚೀಟಿ ಪಡೆದವರು ಆಣೆ ಮಾಡಬೇಕಾಗುತ್ತದೆ. 20 ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ಪಡೆಯಬಾರದೆಂದು ಆದಾಯ ತೆರಿಗೆ ಕಾನೂನೇ ಹೇಳುತ್ತದೆ. ನಗದನ್ನೇ ಕೊಡಿ ಎನ್ನುವವನು ಅಲ್ಲಾಹನ ಹೆಸರು ಎಷ್ಟು ಸಲ ಹೇಳಿದರೂ ಮೊದಲ ದಿನವೇ ಒಂದು ಕಾನೂನು ಮುರಿದಿರುತ್ತಾನೆ.

ಇಷ್ಟು ವರ್ಷ ಫಾರಂ ತುಂಬಿ ನಾನು ಕಲಿತದ್ದು ಇಷ್ಟು. ವ್ಯಾಪಾರ ಒಳ್ಳೆಯದೇ, ಲೆಕ್ಕ ಸರಿಯೇ, ಹಲಾಲೇ ಎಂದು ಸಾಮಾನ್ಯ ಜನ ಪರೀಕ್ಷಿಸುವುದು ಕಷ್ಟ. ಓದಿದವರೇ ಏಮಾರುತ್ತಾರೆ. ಆದರೆ ಹಣ ಯಾವ ದಾರಿಯಲ್ಲಿ ಕೇಳುತ್ತಿದ್ದಾರೆ ಎಂಬುದನ್ನು ಅಕ್ಷರ ಬಲ್ಲ ಯಾರೂ ನೋಡಬಹುದು. ಸಂಸ್ಥೆಯ ಹೆಸರಿಗೆ ಚೆಕ್ ಬೇಡ, ಮ್ಯಾನೇಜರನ ಖಾತೆಗೆ ಹಾಕಿ. ಬ್ಯಾಂಕು ತಡವಾಗುತ್ತದೆ, ನಾಣ್ಯದಲ್ಲಿ ಕಳಿಸಿ. ರಸೀದಿ ಆಮೇಲೆ, ಮೊದಲು ಬರಕತ್ ನೋಡಿ. ಹೀಗೆ ನಮ್ಮ ಸಾಕ್ಷಿಯನ್ನು ಬೇಡವೆನ್ನುವವನು ತನ್ನ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿಬಿಟ್ಟಿರುತ್ತಾನೆ.

ಜಮಾಅತ್‌ನ ಹಿರಿಯರಲ್ಲಿ ನನ್ನದೊಂದು ಅರಿಕೆ. ಜುಮಾದ ದಿನ ಬಡ್ಡಿಯ ಕೇಡಿನ ಬಗ್ಗೆ ಪ್ರವಚನವಾಗುತ್ತದೆ, ಆಗಲಿ. ವರ್ಷಕ್ಕೊಂದು ಸಲವಾದರೂ ಬರೆದಿಡುವ ಆಯತ್‌ನ ಬಗ್ಗೆ ಮಾತಾಡಿ. ಸಮಿತಿಯಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ವಕೀಲರೊಬ್ಬರು ಇದ್ದೇ ಇರುತ್ತಾರೆ. ತಿಂಗಳಿಗೊಂದು ಭಾನುವಾರ ಅವರನ್ನು ಶಾದಿ ಮಹಲಿನಲ್ಲಿ ಕೂರಿಸಿ. ಸಹಿ ಮಾಡುವ ಮುಂಚೆ ಹೆಂಗಸರು ತಮ್ಮ ಕಾಗದ ತಂದು ಓದಿಸಿಕೊಳ್ಳಲಿ.

ಓದುಗರಿಗೂ ಒಂದು ಮಾತು. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಯಾರೋ ಕೊಟ್ಟ ಚೆಕ್ಕನ್ನು ಬಟ್ಟೆಯ ಮಡಿಕೆಯಲ್ಲಿಟ್ಟಿರಬಹುದು. ಇವತ್ತೇ ಕೇಳಿ, ತೆಗೆಸಿ, ಅದರ ಮೇಲಿನ ತಾರೀಖು ನೋಡಿ. ಮೂರು ತಿಂಗಳು ಇನ್ನೂ ಮುಗಿದಿಲ್ಲವಾದರೆ ಯಾರ ಮರ್ಯಾದೆಯ ಮಾತಿಗೂ ಕಾಯದೆ ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹಾಕಿ.